ಹಳೆಯ ಬ್ರ್ಯಾಂಡ್ ಬಟ್ಟೆಯ ಕರಕುಶಲ ವಸ್ತುಗಳು: ಕಾನೂನು ಸ್ಪಷ್ಟವಾಗಲಿ

ಮಾನ್ಯ ಸಂಪಾದಕರಿಗೆ,

ಹಳೆಯ ಬಟ್ಟೆಗಳನ್ನು ಬಿಚ್ಚಿ, ಕತ್ತರಿಸಿ, ಕೈಚೀಲ, ಪರ್ಸ್, ದಿಂಬಿನ ಗವಸು, ಕಿವಿಯೋಲೆ ಮುಂತಾದವುಗಳನ್ನು ತಯಾರಿಸಿ ಮಾರುವ ಸ್ವಸಹಾಯ ಸಂಘಗಳ ಬಗ್ಗೆ ಮೆಚ್ಚುಗೆಯ ಬರಹಗಳು ತಮ್ಮ ಪತ್ರಿಕೆಯಲ್ಲಿಯೂ ಬೇರೆಡೆಯೂ ಆಗಾಗ ಪ್ರಕಟವಾಗುತ್ತಿರುತ್ತವೆ. ಕಸ ಕಡಿಮೆಯಾಗುತ್ತದೆ, ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ ಎಂಬುದು ಆ ಬರಹಗಳ ತಿರುಳು. ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಆ ಹಳೆಯ ಬಟ್ಟೆ ಹೆಸರಾಂತ ಕಂಪನಿಯೊಂದರದ್ದಾಗಿದ್ದು, ಅದರ ಚಿಹ್ನೆ ಹೊಸದಾಗಿ ಹೊಲಿದ ವಸ್ತುವಿನ ಮೇಲೂ ಉಳಿದುಕೊಂಡರೆ ಏನಾದೀತು ಎಂಬುದನ್ನು ಹೊಲಿಗೆ ತರಬೇತಿಯಲ್ಲಿ ಯಾರಾದರೂ ತಿಳಿಸಿಕೊಟ್ಟದ್ದನ್ನು ನಾನು ಕಂಡಿಲ್ಲ. ಕಾನೂನಿನ ಈ ಮುಖ ಅವರಿಗೆ ಮೊದಲ ಸಲ ಪರಿಚಯವಾಗುವುದು ಅಂಚೆಯಲ್ಲಿ ಬರುವ ವಕೀಲರ ನೋಟಿಸಿನ ಮೂಲಕ.

ಹುಬ್ಬಳ್ಳಿಯಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನನ್ನ ಬಳಿಗೆ ಅಂಥದೊಂದು ನೋಟಿಸನ್ನು ಹಿಡಿದುಕೊಂಡು ಸಂಘವೊಂದರ ಸದಸ್ಯೆಯರು ಬಂದಿದ್ದರು. ಗಿರಾಕಿಯೊಬ್ಬರು ಕೊಟ್ಟ ಹಳೆಯ ರೇಷ್ಮೆ ಸ್ಕಾರ್ಫುಗಳಿಂದ ಅವರು ಚಿಕ್ಕ ಪರ್ಸುಗಳನ್ನು ಹೊಲಿದು, ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟು, ಶೀರ್ಷಿಕೆಯಲ್ಲಿ ಆ ಸ್ಕಾರ್ಫಿನ ಕಂಪನಿಯ ಹೆಸರನ್ನೇ ಮೊದಲಿಗೆ ಬರೆದಿದ್ದರು. ಮಾರಾಟ ನಿಲ್ಲಿಸಬೇಕು, ಉಳಿದ ಪರ್ಸುಗಳನ್ನು ಒಪ್ಪಿಸಬೇಕು, ಇದುವರೆಗಿನ ವ್ಯಾಪಾರದ ಲೆಕ್ಕ ಕೊಡಬೇಕು, ಇನ್ನು ಮುಂದೆ ಇಂಥ ಕೆಲಸ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು, ಜೊತೆಗೆ ನಷ್ಟ ಪರಿಹಾರವನ್ನೂ ಕಟ್ಟಬೇಕು ಎಂದು ನೋಟಿಸಿನಲ್ಲಿತ್ತು. ಆ ರೇಷ್ಮೆ ಅಸಲಿಯದ್ದೇ, ಒಬ್ಬರು ಹಣ ಕೊಟ್ಟು ಕೊಂಡದ್ದೇ ಎಂಬುದರ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪರ್ಸುಗಳನ್ನು ಉದ್ದಕ್ಕೂ ‘ನಕಲಿ ಸರಕು’ ಎಂದೇ ಕರೆಯಲಾಗಿತ್ತು. ಶೀರ್ಷಿಕೆಯಲ್ಲಿ ಹೆಸರು ಬರೆದದ್ದು ತಪ್ಪು ಎಂದು ನಾನೂ ಒಪ್ಪುತ್ತೇನೆ. ಆದರೆ ತಪ್ಪು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅಳೆಯದೆ ಇಡೀ ಕಸುಬನ್ನೇ ನಕಲಿಯ ಗುಂಪಿಗೆ ಸೇರಿಸುವುದು ಸರಿಯಲ್ಲ ಎಂಬ ಕಾರಣಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಕಲಮಿನ 3ನೇ ಉಪಕಲಮಿನಲ್ಲಿ ಮರುಮಾರಾಟಗಾರರಿಗೆ ಒಂದು ರಕ್ಷಣೆ ಇದೆ. ನೋಂದಾಯಿತ ಚಿಹ್ನೆಯ ಒಡೆಯರು ತಾವಾಗಿಯೋ ಅಥವಾ ಅವರ ಒಪ್ಪಿಗೆಯಿಂದ ಬೇರೆಯವರೋ ಮಾರುಕಟ್ಟೆಗೆ ಬಿಟ್ಟ ಸರಕನ್ನು ಒಬ್ಬರು ಕಾನೂನುಬದ್ಧವಾಗಿ ಪಡೆದುಕೊಂಡಿದ್ದರೆ, ಅದನ್ನು ಅವರು ಮತ್ತೆ ಮಾರಿದ ಮಾತ್ರಕ್ಕೆ ಚಿಹ್ನೆಯ ಉಲ್ಲಂಘನೆಯಾಗುವುದಿಲ್ಲ. ಹಳೆಯ ಜೀನ್ಸ್ ಪ್ಯಾಂಟನ್ನು, ಕೋಟನ್ನು, ವ್ಯಾನಿಟಿ ಬ್ಯಾಗನ್ನು ಇದ್ದಂತೆಯೇ ಮಾರುವವರಿಗೆ ಈ ಆಸರೆ ಸಾಕು. ತೊಡಕು ಇರುವುದು ಅದರ ಮುಂದಿನ 4ನೇ ಉಪಕಲಮಿನಲ್ಲಿ. ಮುಂದಿನ ವ್ಯವಹಾರವನ್ನು ಆಕ್ಷೇಪಿಸಲು ಚಿಹ್ನೆಯ ಒಡೆಯರಿಗೆ ನ್ಯಾಯಸಮ್ಮತ ಕಾರಣಗಳಿದ್ದಲ್ಲಿ, ಅದರಲ್ಲೂ ವಿಶೇಷವಾಗಿ ಸರಕು ಮಾರುಕಟ್ಟೆಗೆ ಬಂದ ನಂತರ ಅದರ ಸ್ಥಿತಿ ಬದಲಾಗಿದ್ದಲ್ಲಿ ಅಥವಾ ಹದಗೆಟ್ಟಿದ್ದಲ್ಲಿ, ಹಿಂದಿನ ಉಪಕಲಮಿನ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ಹಳೆಯದನ್ನು ಕತ್ತರಿಸಿ ಹೊಸದು ಮಾಡುವ ಕಸುಬಿನ ಜೀವಾಳವೇ ಸರಕಿನ ಸ್ಥಿತಿಯನ್ನು ಬದಲಿಸುವುದಾಗಿರುವಾಗ, ಈ ಒಂದು ಉಪಕಲಂ ಆ ಕಸುಬಿನವರನ್ನು ಸಾರಾಸಗಟಾಗಿ ರಕ್ಷಣೆಯಿಂದ ಹೊರಗಿಟ್ಟಂತೆ ತೋರುತ್ತದೆ. ಹರಿದ ಕೋಟನ್ನು ಹಾಗೆಯೇ ಮಾರಿದವರು ಪಾರಾಗುತ್ತಾರೆ. ಅದನ್ನು ದುಡಿಮೆಯಿಂದ ಉಪಯುಕ್ತ ಚೀಲವಾಗಿಸಿದವರು ಸಿಕ್ಕಿಬೀಳುತ್ತಾರೆ.

ಆದರೆ ಹಾಗೆ ಓದುವುದೂ ಅವಸರದ ಓದೇ. ಗುರಾಣಿ ಕೈತಪ್ಪಿತು ಎಂದ ಮಾತ್ರಕ್ಕೆ ಏಟು ಬಿದ್ದೇ ಬಿಟ್ಟಿತು ಎಂದಾಗುವುದಿಲ್ಲ. 30ನೇ ಕಲಮಿನ ರಕ್ಷಣೆ ಸಿಗದಿದ್ದರೂ 29ನೇ ಕಲಮಿನ ಪ್ರಕಾರ ಉಲ್ಲಂಘನೆ ನಡೆದಿದೆಯೇ ಎಂಬುದನ್ನು ವಾದಿಯು ಬೇರೆಯಾಗಿಯೇ ತೋರಿಸಬೇಕು. ಕೊಳ್ಳುವವರಿಗೆ ಈ ಚೀಲ ಆ ಕಂಪನಿಯದೇ ಎಂಬ ಗೊಂದಲ ಉಂಟಾಗುತ್ತದೆಯೇ, ಅಥವಾ ದೇಶದಲ್ಲಿ ಖ್ಯಾತಿ ಪಡೆದ ಚಿಹ್ನೆಯೊಂದರ ಹೆಸರಿನ ಬಲದಿಂದ ಮಾರಾಟಗಾರರು ಅನ್ಯಾಯದ ಲಾಭ ಪಡೆಯುತ್ತಿದ್ದಾರೆಯೇ ಎಂಬವು ಅಲ್ಲಿನ ಪ್ರಶ್ನೆಗಳು. ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಆ ಕಲಮಿನ 4ನೇ ಉಪಕಲಮಿನಂತೆ ಸರಕು ಪೂರ್ತಿ ಬೇರೆ ಬಗೆಯದ್ದಾಗಿದ್ದರೂ, ಅಂದರೆ ಬಟ್ಟೆಯ ಕಂಪನಿಯ ಚಿಹ್ನೆ ಕಿವಿಯೋಲೆಯ ಮೇಲೆ ಬಂದರೂ, ದಾವೆ ಹೂಡಲು ಅವಕಾಶವಿದೆ. ‘ಅವರು ಮಾರುವುದು ಕೋಟು, ನಾವು ಮಾರುವುದು ಓಲೆ’ ಎಂಬ ಸಮಾಧಾನ ಹೆಸರಾಂತ ಚಿಹ್ನೆಗಳ ಎದುರು ನಿಲ್ಲುವುದಿಲ್ಲ.

ಈ ಸೂಕ್ಷ್ಮ ಕೈಯಲ್ಲಿ ಹಿಡಿದು ನೋಡಿದಾಗಲೇ ಅರ್ಥವಾಗುವುದು. ವಸ್ತುಪ್ರದರ್ಶನವೊಂದರ ಮಳಿಗೆಯಲ್ಲಿ ಹಳೆಯ ಜೀನ್ಸಿನಿಂದ ಮಾಡಿದ ಹೆಗಲುಚೀಲವೊಂದನ್ನು ನಾನು ತಿರುಗಿಸಿ ನೋಡುತ್ತಿದ್ದೆ. ಇದಕ್ಕೂ ಮೇಲೆ ಹೇಳಿದ ನೋಟಿಸಿಗೂ ಸಂಬಂಧವಿಲ್ಲ. ಹೊಲಿದವರು ಎಚ್ಚರದಿಂದ ಸೊಂಟಪಟ್ಟಿಯ ಹಿಂದಿನ ಚರ್ಮದ ಚೀಟಿಯನ್ನು ಬಿಚ್ಚಿ ತೆಗೆದಿದ್ದರು. ಅದಿದ್ದ ಜಾಗದಲ್ಲಿ ಬಟ್ಟೆ ಬಣ್ಣಗೆಡದೆ ಗಾಢ ನೀಲಿಯಾಗಿಯೇ ಉಳಿದಿತ್ತು, ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಆದರೆ ಹಿಂದಿನ ಜೇಬು ಚೀಲದ ಮುಂಭಾಗಕ್ಕೆ ಬಂದು ಕೂತಿತ್ತು, ಅದರ ಅಂಚಿನ ಹೊಲಿಗೆಯಿಂದ ಕೆಂಪು ಪಟ್ಟಿಯ ತುಣುಕೊಂದು ಇಣುಕುತ್ತಿತ್ತು, ಜೇಬಿನ ಮೇಲಿನ ಜೋಡಿ ಕಮಾನಿನ ಹೊಲಿಗೆ ಹಾಗೆಯೇ ಇತ್ತು. ಹೆಸರನ್ನು ತೆಗೆದಾಯಿತು, ಇನ್ನು ತೊಂದರೆಯಿಲ್ಲ ಎಂದು ಅವರು ನಂಬಿದ್ದರು. ವಾಸ್ತವದಲ್ಲಿ ಆ ಕಮಾನಿನ ಹೊಲಿಗೆಯೂ ಆ ಪಟ್ಟಿಯೂ ಲೆವಿ ಸ್ಟ್ರಾಸ್ ಕಂಪನಿಯ ಟ್ರೇಡ್‌ಮಾರ್ಕುಗಳೇ ಆಗಿವೆ. ಚಿಹ್ನೆಯೆಂದರೆ ಅಕ್ಷರಗಳಲ್ಲಿ ಬರೆದ ಹೆಸರು ಮಾತ್ರ ಎಂಬ ತಿಳಿವಳಿಕೆಯೇ ಇಲ್ಲಿ ಕೈಕೊಡುತ್ತದೆ. ಕ್ರೀಡಾ ಉಡುಪಿನ ಮೂರು ಪಟ್ಟೆಗಳು, ಬರ್ಬೆರಿಯ ಚೌಕಳಿ, 1896ರಿಂದ ಬಳಕೆಯಲ್ಲಿರುವ ಲೂಯಿ ವಿಟಾನ್‌ನ ಹೂವು-ಅಕ್ಷರಗಳ ಕ್ಯಾನ್ವಾಸ್ ಇವೆಲ್ಲ ಚಿಹ್ನೆಗಳೇ. ಜೇಬನ್ನು ಬಿಚ್ಚಿ ಹೊಲಿಗೆಯನ್ನು ತೆಗೆಯಬಹುದು. ಆದರೆ ಇಡೀ ಬಟ್ಟೆಯ ಹಾಸೇ ಚಿಹ್ನೆಯಾಗಿರುವಾಗ ಅದನ್ನು ತೆಗೆಯುವುದೆಂದರೆ ಬಟ್ಟೆಯನ್ನೇ ಎಸೆಯುವುದು. ಆದ್ದರಿಂದ ‘ಲೇಬಲ್ ಕಿತ್ತುಬಿಡಿ, ಆಮೇಲೆ ಏನು ಬೇಕಾದರೂ ಮಾಡಿ’ ಎಂಬ ಸಲಹೆಯನ್ನು ಯಾರೂ ಪೂರ್ಣವೆಂದು ತಿಳಿಯಬಾರದು.

ಬೇರೆ ದೇಶಗಳ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದನ್ನು ನೋಡಿದರೆ ಎರಡು ದಾರಿಗಳು ಕಾಣುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ 1947ರಲ್ಲಿ ಚಾಂಪಿಯನ್ ಸ್ಪಾರ್ಕ್ ಪ್ಲಗ್ ಪ್ರಕರಣದಲ್ಲಿ, ಬಳಸಿದ ಸ್ಪಾರ್ಕ್ ಪ್ಲಗ್ಗುಗಳನ್ನು ದುರಸ್ತಿ ಮಾಡಿ ಮಾರುವವರು ಅವುಗಳ ಮೇಲಿನ ಮೂಲ ಹೆಸರನ್ನು ಅಳಿಸಬೇಕಾಗಿಲ್ಲ, ಆದರೆ ಅವು ಬಳಸಿದ ಅಥವಾ ದುರಸ್ತಿಯಾದ ವಸ್ತುಗಳೆಂದು ಸ್ಪಷ್ಟವಾಗಿ ನಮೂದಿಸಬೇಕು ಎಂದಿತು. ಜೊತೆಗೆ, ವಸ್ತುವನ್ನು ಮೂಲ ಹೆಸರಿನಿಂದ ಕರೆಯುವುದೇ ಸುಳ್ಳಾಗುವಷ್ಟರ ಮಟ್ಟಿಗೆ ಅದು ಬದಲಾಗಿರುವ ಸಂದರ್ಭಗಳೂ ಇರಬಹುದೆಂದು ಎಚ್ಚರಿಸಿತು. ಪ್ಯಾಂಟು ಚೀಲವಾದದ್ದು ಅಂಥ ಸಂದರ್ಭವೇ ಎಂದು ನನಗನ್ನಿಸುತ್ತದೆ. ಅದನ್ನು ಪ್ಯಾಂಟಿನ ಕಂಪನಿಯ ಚೀಲವೆಂದು ಕರೆಯುವುದು ಯಾವ ವಿವರಣೆಯಿಂದಲೂ ನಿಜವಾಗುವುದಿಲ್ಲ. ಆದರೆ ಆ ಪ್ಯಾಂಟಿನಿಂದ ಹೊಲಿದ ಚೀಲ ಎಂದು ಹೇಳುವುದು ನಿಜವೇ. ಇದಕ್ಕೆ ತೀರಾ ಹತ್ತಿರದ ಉದಾಹರಣೆ 2021ರಲ್ಲಿ ಅಲ್ಲಿನ ಸೆಕೆಂಡ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಹ್ಯಾಮಿಲ್ಟನ್ ಮತ್ತು ವೋರ್ಟಿಕ್ ನಡುವಿನ ವ್ಯಾಜ್ಯ. ಕೊಲರಾಡೊದ ವೋರ್ಟಿಕ್ ಎಂಬ ಸಣ್ಣ ಸಂಸ್ಥೆ ಹ್ಯಾಮಿಲ್ಟನ್ ಕಂಪನಿಯ ಹಳೆಯ ಜೇಬುಗಡಿಯಾರಗಳ ಯಂತ್ರಭಾಗಗಳನ್ನು ತೆಗೆದು, ಹೊಸ ಕವಚದೊಳಗೆ ಕೂರಿಸಿ, ಕೈಗಡಿಯಾರವಾಗಿ ಮಾರುತ್ತಿತ್ತು. ಹಳೆಯ ಹೆಸರು ಕಣ್ಣಿಗೆ ಬೀಳುತ್ತಲೂ ಇತ್ತು. ಹಳೆಯ ಭಾಗಗಳಿಂದ ತಾನೇ ಮರುರೂಪಿಸಿದ ಗಡಿಯಾರವಿದು ಎಂಬುದನ್ನು ಆ ಸಂಸ್ಥೆ ಮುಚ್ಚಿಡದೆ ಹೇಳಿಕೊಂಡಿದ್ದರಿಂದ ಕೊಳ್ಳುವವರಿಗೆ ಗೊಂದಲವಾಗುವ ಸಂಭವವಿಲ್ಲವೆಂದು ನ್ಯಾಯಾಲಯ ಅದರ ಪರವಾಗಿ ನಿಂತಿತು.

ಇನ್ನೊಂದು ದಾರಿ ಕಠಿಣವಾದದ್ದು. ಹಳೆಯ ಲೂಯಿ ವಿಟಾನ್ ಚೀಲಗಳ ಕ್ಯಾನ್ವಾಸಿನಿಂದ ಬೇರೆ ವಸ್ತುಗಳನ್ನು ಮಾಡುತ್ತಿದ್ದ ಟೆಕ್ಸಾಸಿನ ಸಾಂಡ್ರಾ ಲಿಂಗ್ ಡಿಸೈನ್ಸ್ ಎಂಬ ಸಂಸ್ಥೆಯ ಮೇಲೆ ಆ ಕಂಪನಿ 2021ರಲ್ಲಿ ದಾವೆ ಹೂಡಿತು. ಮರುವರ್ಷ ಅದು ರಾಜಿಯಲ್ಲಿ ಕೊನೆಗೊಂಡಾಗ 6,03,000 ಡಾಲರ್ ಪಾವತಿ ಮತ್ತು ಶಾಶ್ವತ ಪ್ರತಿಬಂಧಕಾಜ್ಞೆಗೆ ಆ ಸಂಸ್ಥೆ ಒಪ್ಪಬೇಕಾಯಿತು. ಅದೇ 2021ರಲ್ಲಿ ಶನೆಲ್ ಕಂಪನಿ ತನ್ನ ಜೋಡಿ ‘ಸಿ’ ಚಿಹ್ನೆಯ ಗುಂಡಿಗಳನ್ನು ಸರದ ಪದಕ, ಕಿವಿಯೋಲೆಗಳನ್ನಾಗಿಸಿ ಮಾರುತ್ತಿದ್ದ ಶಿವರ್ ಅಂಡ್ ಡ್ಯೂಕ್ ಎಂಬ ಆಭರಣ ಸಂಸ್ಥೆಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಗುಂಡಿಗಳ ವಿಷಯದಲ್ಲಿ, ನಿಜ ಹೇಳಬೇಕೆಂದರೆ, ನನ್ನ ಸಹಾನುಭೂತಿ ಕಂಪನಿಯ ಕಡೆಗೇ ಹೆಚ್ಚು. ಜೀನ್ಸಿನ ಚೀಲವನ್ನು ಜನ ಕೊಳ್ಳುವುದು ಗಟ್ಟಿ ಬಟ್ಟೆಗಾಗಿ, ಹೊಲಿಗೆಗಾಗಿ. ಅಲ್ಲಿ ಚಿಹ್ನೆ ಆಕಸ್ಮಿಕ. ಗುಂಡಿಯ ಪದಕವನ್ನು ಜನ ಕೊಳ್ಳುವುದು ಗುಂಡಿಯ ಮೇಲಿನ ಆ ಎರಡು ಅಕ್ಷರಗಳಿಗಾಗಿ. ಅವನ್ನು ತೆಗೆದುಬಿಟ್ಟರೆ ಅಲ್ಲಿ ಮಾರಲು ಏನೂ ಉಳಿಯುವುದಿಲ್ಲ. ಎರಡನ್ನೂ ಮರುಬಳಕೆ ಎಂಬ ಒಂದೇ ಪುಣ್ಯದ ಹೆಸರಿನಡಿ ತರುವುದು ಕಸುಬುದಾರರಿಗೇ ಹಿತವಲ್ಲ.

ಆದರೆ ದಕ್ಷಿಣ ಕೊರಿಯಾದ ಪ್ರಕರಣವನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಸೋಲ್ ನಗರದ ಚೀಲ ದುರಸ್ತಿಗಾರರೊಬ್ಬರು, ಗಿರಾಕಿಗಳು ತಾವೇ ತಂದುಕೊಟ್ಟ ಹಳೆಯ ಲೂಯಿ ವಿಟಾನ್ ಚೀಲಗಳನ್ನು ಬಿಚ್ಚಿ, ಅವರು ಕೇಳಿದ ಅಳತೆ ಆಕಾರಗಳಲ್ಲಿ ಬೇರೆ ಚೀಲ, ಪರ್ಸುಗಳನ್ನಾಗಿ ಹೊಲಿದು, ಮಜೂರಿ ಪಡೆದು ಮರಳಿಸುತ್ತಿದ್ದರು. ಅವರು ಯಾವುದನ್ನೂ ಅಂಗಡಿಯಲ್ಲಿಟ್ಟು ಮಾರಲಿಲ್ಲ. ಆದರೂ 2023ರಲ್ಲಿ ಸೋಲ್ ಜಿಲ್ಲಾ ನ್ಯಾಯಾಲಯ ಅದನ್ನು ಚಿಹ್ನೆಯ ಉಲ್ಲಂಘನೆಯೆಂದು ಕರೆದು 1.5 ಕೋಟಿ ವಾನ್ ಪರಿಹಾರಕ್ಕೆ ಆದೇಶಿಸಿತು; 2024ರಲ್ಲಿ ಅಲ್ಲಿನ ಪೇಟೆಂಟ್ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು, ಅನಂತರ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹೀಗೆ ಹೊಲಿದ ಚೀಲ ಮುಂದೊಂದು ದಿನ ಕೈಬದಲಾಗಿ ಮಾರುಕಟ್ಟೆಗೆ ಬಂದರೆ ಅದನ್ನು ಕೊಳ್ಳುವವರು ಮೋಸಹೋಗುತ್ತಾರೆ ಎಂಬ ಆತಂಕ ಆ ತೀರ್ಪುಗಳ ಹಿಂದಿತ್ತು. ಆ ಆತಂಕ ನಿರಾಧಾರವಲ್ಲ. ಆದರೆ ಗಿರಾಕಿಯ ಸ್ವಂತ ಬಟ್ಟೆಯನ್ನು ಗಿರಾಕಿಯ ಸ್ವಂತ ಬಳಕೆಗೆ ಹೊಲಿದುಕೊಡುವ ದರ್ಜಿಯನ್ನು ಅದಕ್ಕಾಗಿ ದಂಡಿಸುವುದಾದರೆ, ಕೋಟನ್ನು ಚಿಕ್ಕದು ಮಾಡಿಕೊಡುವ, ಜಿಪ್ ಬದಲಿಸಿಕೊಡುವ ಕೆಲಸಕ್ಕೂ ನಾಳೆ ಕಂಪನಿಯ ಪರವಾನಗಿ ಬೇಕೆನ್ನಬಹುದು. ನಮ್ಮ ಕಾಯ್ದೆ ಉಲ್ಲಂಘನೆಯೆನ್ನುವುದು ವ್ಯಾಪಾರದ ನಡೆಯಲ್ಲಿ ಚಿಹ್ನೆಯನ್ನು ಬಳಸುವುದನ್ನು. ಗಿರಾಕಿಗೆ ಸೇರಿದ ಬಟ್ಟೆಯನ್ನು ಗಿರಾಕಿಗೇ ಮರಳಿಸುವ ದರ್ಜಿ ಮಾರುವುದು ತನ್ನ ಹೊಲಿಗೆಯನ್ನೇ ಹೊರತು ಬೇರೆಯವರ ಚಿಹ್ನೆಯನ್ನಲ್ಲ. ಕೊರಿಯಾದ ಆ ಎರಡು ನ್ಯಾಯಾಲಯಗಳು ಹಿಡಿದ ದಾರಿಯನ್ನು ನಮ್ಮ ನ್ಯಾಯಾಲಯಗಳು ಹಿಡಿಯಬಾರದು.

ಹಿಡಿಯಬೇಕಾದ ದಾರಿ ನಮ್ಮಲ್ಲಿಯೇ ಇದೆ. 2012ರಲ್ಲಿ ಸ್ಯಾಮ್‌ಸಂಗ್ ಪ್ರಿಂಟರುಗಳ ಆಮದಿಗೆ ಸಂಬಂಧಿಸಿದ ಕಪಿಲ್ ವಾಧ್ವಾ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಜಗತ್ತಿನ ಯಾವ ಮಾರುಕಟ್ಟೆಯಲ್ಲಾದರೂ ಒಡೆಯರೇ ಬಿಟ್ಟ ಅಸಲಿ ಸರಕನ್ನು ಇಲ್ಲಿ ತಂದು ಮಾರಬಹುದೆಂದೂ, ಆದರೆ ಅದಕ್ಕೆ ಸ್ಯಾಮ್‌ಸಂಗ್‌ನ ವಾರಂಟಿ ಇಲ್ಲವೆಂಬುದನ್ನು ಎದ್ದುಕಾಣುವಂತೆ ಬರೆದು ಹಾಕಬೇಕೆಂದೂ ಹೇಳಿತು. 2024ರ ಮೇ ತಿಂಗಳಲ್ಲಿ ಅದೇ ಹೈಕೋರ್ಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳ ಬಳಸಿದ ಹಾರ್ಡ್ ಡಿಸ್ಕುಗಳನ್ನು ತಂದು, ಮೂಲ ಹೆಸರನ್ನು ಅಳಿಸಿ, ಸರಿಪಡಿಸಿ, ತಮ್ಮ ಹೆಸರಿನಲ್ಲಿ ಮಾರುತ್ತಿದ್ದವರ ಮೇಲಿನ ದಾವೆಗಳವು. ಸ್ಥಿತಿ ಬದಲಾಗಿದೆ ಎಂಬ 4ನೇ ಉಪಕಲಮಿನ ವಾದವೇ ಅಲ್ಲಿಯೂ ಎದ್ದಿತ್ತು. ನ್ಯಾಯಾಲಯ ಮಾರಾಟವನ್ನು ನಿಷೇಧಿಸಲಿಲ್ಲ, ಷರತ್ತುಗಳನ್ನು ವಿಧಿಸಿತು. ಇದು ಬಳಸಿ ಸರಿಪಡಿಸಿದ ವಸ್ತು ಎಂದು ಪೊಟ್ಟಣದ ಮೇಲೆ ಬರೆಯಬೇಕು, ಮೂಲ ತಯಾರಕರು ಯಾರೆಂದು ಹೇಳಬೇಕು, ಹಾಗೆ ಹೇಳುವಾಗ ಅವರ ಹೆಸರನ್ನು ಅಕ್ಷರಗಳಲ್ಲಿ ಮಾತ್ರ ಬರೆಯಬೇಕು, ಲಾಂಛನವನ್ನು ಬಳಸಬಾರದು, ಮೂಲ ತಯಾರಕರ ವಾರಂಟಿಯಾಗಲಿ ಸೇವೆಯಾಗಲಿ ಇದಕ್ಕಿಲ್ಲ ಎಂದು ತಿಳಿಸಬೇಕು. ಜಾಹೀರಾತಿಗೂ ಇದೇ ನಿಯಮ.

ಹಾರ್ಡ್ ಡಿಸ್ಕು ಸರಿಪಡಿಸಿದ ಮೇಲೂ ಹಾರ್ಡ್ ಡಿಸ್ಕೇ, ಪ್ಯಾಂಟು ಚೀಲವಾದ ಮೇಲೆ ಪ್ಯಾಂಟಲ್ಲ ಎಂಬ ವ್ಯತ್ಯಾಸವನ್ನು ಎದುರು ಪಕ್ಷದ ವಕೀಲರು ಎತ್ತಿ ತೋರಿಸುತ್ತಾರೆ, ಎತ್ತಿ ತೋರಿಸಲೇಬೇಕು. ಆದರೆ ಆ ವ್ಯತ್ಯಾಸ ಯಾರ ಪರವಾಗಿ ವಾಲುತ್ತದೆ ಎಂಬುದು ಯೋಚಿಸಬೇಕಾದ ಮಾತು. ಒಳಗಿನ ದೋಷ ಕಣ್ಣಿಗೆ ಕಾಣದ, ಕೆಟ್ಟರೆ ಒಬ್ಬರ ವರ್ಷಗಳ ಕಡತಗಳನ್ನೇ ನುಂಗುವ ಯಂತ್ರವನ್ನು ಒಂದು ಸ್ಪಷ್ಟ ಚೀಟಿಯೊಂದಿಗೆ ಮಾರಬಹುದಾದರೆ, ಎದುರಿಗೇ ಹಿಡಿದು ಹೊಲಿಗೆ ಎಣಿಸಬಹುದಾದ ಚೀಲವನ್ನು ಅಂಥದೇ ಚೀಟಿಯೊಂದಿಗೆ ಮಾರಲು ಏಕೆ ಬಾರದು? ಹಳೆಯ ಜೀನ್ಸಿನ ಜೇಬು ಮುಂದೆ ಕಾಣುವ, ಅಂಚು ಅಂಕುಡೊಂಕಾದ ಕೈಹೊಲಿಗೆಯ ಚೀಲವನ್ನು ಕಂಪನಿಯ ಕಾರ್ಖಾನೆಯಿಂದ ಬಂದದ್ದೆಂದು ನಂಬುವ ಗಿರಾಕಿ ಅಪರೂಪ. ಗೊಂದಲ ಹುಟ್ಟುವುದು ವಸ್ತುವಿನಿಂದಲ್ಲ, ಹೆಚ್ಚಿನ ಸಲ ಅದರ ಜೊತೆ ಬರೆಯುವ ಶೀರ್ಷಿಕೆಯಿಂದ.

ಇದೇ ಮಾತನ್ನು ನಮ್ಮ ಮನೆಯ ವಸ್ತುವಿಗೆ ಹಚ್ಚಿ ನೋಡಬಹುದು. ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಹಳೆಯ ಮೈಸೂರು ಸಿಲ್ಕ್ ಸೀರೆಯ ಜರಿಯಂಚನ್ನು ಕತ್ತರಿಸಿ ಪರ್ಸ್ ಹೊಲಿದವರು ಅದನ್ನು ‘ಕೆಎಸ್‌ಐಸಿ ಪರ್ಸ್’ ಎಂದು ಮಾರಿದರೆ ನಿಗಮ ಆಕ್ಷೇಪಿಸುವುದು ನ್ಯಾಯವೇ, ಏಕೆಂದರೆ ಆ ಹೊಲಿಗೆಗೆ ನಿಗಮ ಹೊಣೆಯಲ್ಲ. ಹಳೆಯ ಕೆಎಸ್‌ಐಸಿ ಸೀರೆಯಿಂದ ನಾವು ಹೊಲಿದದ್ದು ಎಂದು ಬರೆದು ಮಾರಿದರೆ ಅದನ್ನು ಯಾವ ನ್ಯಾಯದಿಂದ ತಡೆಯುವುದು? ಉತ್ತರ ಕರ್ನಾಟಕದ ಮನೆಗಳಲ್ಲಿ ಇಳಕಲ್ ಸೀರೆ, ಧೋತರ, ಕುಪ್ಪಸದ ಖಣಗಳನ್ನು ಜೋಡಿಸಿ ಕೌದಿ ಹೊಲಿದವರು, ಹಳಿಯಾಳ, ಯಲ್ಲಾಪುರದ ಕಡೆ ಕವಂದ ಎಂಬ ತೇಪೆಯ ಹೊದಿಕೆ ಹೊಲಿಯುವ ಸಿದ್ದಿ ಹೆಣ್ಣುಮಕ್ಕಳು, ಯಾವ ನೇಕಾರನ ಅಪ್ಪಣೆಯನ್ನೂ ಕೇಳಿದವರಲ್ಲ. ಹಾಗೆಂದು ಅದು ತಮ್ಮ ನೇಯ್ಗೆ ಎಂದೂ ಅವರು ಹೇಳಿಕೊಂಡವರಲ್ಲ.

ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇರುವುದು ಬೇರೊಂದು ಕಡೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳು ವಿದೇಶಿ ಕಂಪನಿಗಳಿಗೆ ಹೊಲಿದುಕೊಡುವ ಉಡುಪುಗಳಲ್ಲಿ ತಿರಸ್ಕೃತವಾದವು, ಹೆಚ್ಚಾಗಿ ಉಳಿದವು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಎಂಬ ಹೆಸರಿನಲ್ಲಿ ಅಂಗಡಿಗಳಿಗೂ ಸಗಟು ವ್ಯಾಪಾರಿಗಳಿಗೂ ಬರುತ್ತವೆ. ಕುತ್ತಿಗೆಯ ಲೇಬಲನ್ನು ಅರ್ಧಕ್ಕೆ ಕತ್ತರಿಸಿದ ಅಥವಾ ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಗೀಟು ಎಳೆದ ಅಂಗಿಯನ್ನು ನಗರದಲ್ಲಿ ಕಂಡಿರದವರು ಕಡಿಮೆ. ಕರಕುಶಲ ಕೆಲಸ ಮಾಡುವವರು ಬಟ್ಟೆಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದು ಹೆಚ್ಚಾಗಿ ಇಲ್ಲಿಂದಲೇ. 30ನೇ ಕಲಮಿನ ರಕ್ಷಣೆಗೆ ಮೊದಲ ಷರತ್ತು, ಸರಕು ಒಡೆಯರ ಒಪ್ಪಿಗೆಯಿಂದ ಮಾರುಕಟ್ಟೆಗೆ ಬಂದಿರಬೇಕು ಎಂಬುದು. ತಿರಸ್ಕೃತ ಸರಕನ್ನು ನಾಶಪಡಿಸಬೇಕು ಅಥವಾ ಲೇಬಲ್ ತೆಗೆದೇ ವಿಲೇವಾರಿ ಮಾಡಬೇಕು ಎಂದು ಕಾರ್ಖಾನೆಯೊಂದಿಗಿನ ಕರಾರಿನಲ್ಲಿದ್ದು, ಅದನ್ನು ಮೀರಿ ಸರಕು ಹೊರಬಂದಿದ್ದರೆ, ಆ ಬಟ್ಟೆ ಅದೇ ಕಾರ್ಖಾನೆಯಲ್ಲಿ ಹೊಲಿದದ್ದೇ ಆಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಒಡೆಯರು ಮಾರುಕಟ್ಟೆಗೆ ಬಿಟ್ಟ ಸರಕಲ್ಲ. ಕಿಲೋ ಲೆಕ್ಕದಲ್ಲಿ ತಂದ ಚಿಂದಿಯ ಮೂಟೆಯ ಹಿಂದೆ ಯಾವ ಕರಾರಿದೆ ಎಂಬುದು ಅದನ್ನು ಕೊಳ್ಳುವ ಸಂಘಕ್ಕೆ ಗೊತ್ತಾಗುವ ಬಗೆಯೇ ಇಲ್ಲ. ಬಿಲ್ಲು ಪಡೆದುಕೊಳ್ಳಿ, ಬಿಲ್ಲಿನಲ್ಲಿ ಸರಕಿನ ವಿವರ ಬರೆಸಿಕೊಳ್ಳಿ ಎಂದು ನಾನು ಹೇಳುವುದುಂಟು. ಚಿಂದಿ ವ್ಯಾಪಾರದಲ್ಲಿ ಬಿಲ್ಲು ಕೇಳಿದವರಿಗೆ ಸಿಗುವ ಉತ್ತರ ಎಂಥದೆಂದು ಓದುಗರೇ ಬಲ್ಲರು. ಮೈಮೇಲೆ ತೊಟ್ಟು ಹಳತಾದ ಬಟ್ಟೆಯನ್ನು ಮನೆಗಳಿಂದ ಸಂಗ್ರಹಿಸುವುದು ಈ ದೃಷ್ಟಿಯಿಂದ ಹೆಚ್ಚು ಸುರಕ್ಷಿತ.

ಇನ್ನು ನೋಟಿಸುಗಳ ಮಾತು. ದೊಡ್ಡ ಬ್ರ್ಯಾಂಡುಗಳ ಟ್ರೇಡ್‌ಮಾರ್ಕ್ ದಾವೆಗಳು ಹೆಚ್ಚಾಗಿ ದಾಖಲಾಗುವುದು ದೆಹಲಿಯಲ್ಲಿ. ಆನ್‌ಲೈನ್‌ನಲ್ಲಿ ಇಟ್ಟ ವಸ್ತು ಅಲ್ಲಿಯೂ ಮಾರಾಟಕ್ಕೆ ಸಿಗುವುದರಿಂದ ಹುಬ್ಬಳ್ಳಿಯವರನ್ನೂ ಅಲ್ಲಿಗೆ ಎಳೆಯುವ ವಾದಕ್ಕೆ ಜಾಗ ಸಿಗುತ್ತದೆ. ಪರ್ಸು ಮಾರಿ ಬಂದ ಹಣವೆಲ್ಲ ರೈಲಿನ ಟಿಕೆಟಿಗೇ ಸಾಲದು ಎಂಬ ಲೆಕ್ಕ ನೋಟಿಸ್ ಕಳಿಸುವವರಿಗೂ ಗೊತ್ತು. ನೋಟಿಸಿನಲ್ಲಿ 103ನೇ ಕಲಮಿನ ಉಲ್ಲೇಖವಿದ್ದರಂತೂ ಹೆದರಿಕೆ ಇಮ್ಮಡಿಯಾಗುತ್ತದೆ. ಸುಳ್ಳು ಚಿಹ್ನೆ ಹಚ್ಚಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಅಲ್ಲಿದೆ. ಆದರೆ ಅದೇ ಕಾಯ್ದೆಯ 115ನೇ ಕಲಂ, ವಾರಂಟಿಲ್ಲದೆ ಶೋಧ ನಡೆಸಿ ಜಪ್ತಿ ಮಾಡುವ ಅಧಿಕಾರವನ್ನು ಡಿವೈಎಸ್ಪಿ ದರ್ಜೆಗಿಂತ ಕೆಳಗಿನ ಪೊಲೀಸ್ ಅಧಿಕಾರಿಗೆ ಕೊಟ್ಟಿಲ್ಲ, ಕೊಟ್ಟವರಿಗೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕೆಂದು ವಿಧಿಸಿದೆ. ಆಧಾರವಿಲ್ಲದ ದಾವೆಯ ಬೆದರಿಕೆ ಹಾಕಿದವರ ಮೇಲೆ ಬೆದರಿಕೆಗೊಳಗಾದವರೇ ದಾವೆ ಹೂಡಬಹುದೆಂದು 142ನೇ ಕಲಂ ಹೇಳುತ್ತದೆ. ಈ ಎರಡನ್ನೂ ಯಾವ ನೋಟಿಸಿನಲ್ಲಿಯೂ ಬರೆದಿರುವುದಿಲ್ಲ. ಬರೆದಿರಲಿ ಎಂದು ನಿರೀಕ್ಷಿಸುವಂತೆಯೂ ಇಲ್ಲ. ಆದ್ದರಿಂದ ಹೆದರಿ ಮುಚ್ಚಳಿಕೆಗೆ ಸಹಿ ಮಾಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕೆಂದು ಸಂಘದ ಸದಸ್ಯೆಯರಲ್ಲಿ ನನ್ನ ವಿನಂತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಉತ್ತರವನ್ನೇ ಕೊಡದೆ ಸುಮ್ಮನಿರುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಕಂಪನಿಗಳ ಆತಂಕವನ್ನು ನಾನು ಅಲ್ಲಗಳೆಯುತ್ತಿಲ್ಲ. ನಕಲಿ ಕ್ಯಾನ್ವಾಸನ್ನು ಕತ್ತರಿಸಿ ಇದು ಹಳೆಯ ಅಸಲಿ ಚೀಲದ್ದು ಎಂದು ಮಾರುವವರು ಇದ್ದಾರೆ. ಮರುಬಳಕೆಯ ಹೆಸರು ಅವರಿಗೆ ಒಳ್ಳೆಯ ಮುಸುಕು. ಆದರೆ 2018ರಲ್ಲಿ ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಸರಕನ್ನು ನಾಶಪಡಿಸಿದ್ದು ಬಯಲಾಗಿ, ಟೀಕೆಗೆ ಗುರಿಯಾಗಿ, ಆ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಬೇಕಾಯಿತು ಎಂಬುದನ್ನೂ ನೆನೆಯಬೇಕು. ಹೆಸರಿನ ಘನತೆ ಕಾಯಲು ಹೊಸ ಬಟ್ಟೆಯನ್ನೇ ಸುಡುತ್ತಿದ್ದ ಉದ್ಯಮ, ಹಳೆಯ ಬಟ್ಟೆಗೆ ಇನ್ನೊಂದು ಆಯುಷ್ಯ ಕೊಡುವವರನ್ನು ಘನತೆಗೆ ಕುಂದು ತಂದವರೆಂದು ದೂರುವಾಗ ಆ ಮಾತಿನ ತೂಕ ಅಷ್ಟಕ್ಕಷ್ಟೇ.

ನನ್ನ ಬೇಡಿಕೆಗಳು ಎರಡು ಕಡೆಗೆ ಸಲ್ಲಬೇಕಾದವು. ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಡಿಯಲ್ಲಿರುವ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿ, 30ನೇ ಕಲಮಿನ 4ನೇ ಉಪಕಲಂ ಕರಕುಶಲ ಮರುಬಳಕೆಗೆ ಹೇಗೆ ಅನ್ವಯಿಸುತ್ತದೆ ಎಂಬ ಬಗ್ಗೆ ಸರಳ ಭಾಷೆಯ ಮಾರ್ಗದರ್ಶಿಯೊಂದನ್ನು, ಕನ್ನಡವೂ ಸೇರಿದಂತೆ ರಾಜ್ಯಗಳ ಭಾಷೆಗಳಲ್ಲಿ, ಹೊರತರಬೇಕು. ಮಾರ್ಗದರ್ಶಿ ನ್ಯಾಯಾಲಯಗಳನ್ನು ಕಟ್ಟಿಹಾಕಲಾರದು ನಿಜ; ಆದರೆ ಹಾರ್ಡ್ ಡಿಸ್ಕ್ ಪ್ರಕರಣದ ಷರತ್ತುಗಳ ಮಾದರಿಯಲ್ಲಿ ಎಲ್ಲವನ್ನೂ ಬಹಿರಂಗವಾಗಿ ತಿಳಿಸಿ ಮಾರಿದವರನ್ನು ನಕಲಿ ಸರಕಿನವರಿಂದ ಬೇರ್ಪಡಿಸಿ ನೋಡಲು ಪೊಲೀಸರಿಗೂ, ದೂರು ಬಂದೊಡನೆ ವಿಚಾರಿಸದೆ ವಸ್ತುಗಳನ್ನು ತೆಗೆದುಹಾಕುವ ಆನ್‌ಲೈನ್ ಮಾರಾಟ ತಾಣಗಳಿಗೂ ಅದೊಂದು ಅಳತೆಗೋಲಾಗುತ್ತದೆ.

ಎರಡನೆಯದು ನಮ್ಮ ರಾಜ್ಯದ ಕೆಲಸ. ಸಂಜೀವಿನಿ ಯೋಜನೆಯ ಸಂಘಗಳಿಗೂ, ರುಡ್‌ಸೆಟ್‌ನಂಥ ಸಂಸ್ಥೆಗಳಲ್ಲಿ ಹೊಲಿಗೆ ಕಲಿಯುವವರಿಗೂ ತರಬೇತಿಯ ಭಾಗವಾಗಿಯೇ ಅರ್ಧ ದಿನ ಈ ವಿಷಯ ಹೇಳಿಕೊಡಬೇಕು. ಚಿಹ್ನೆಯಿರುವ ಭಾಗವನ್ನು ಒಳಮಗ್ಗುಲಿಗೆ ಹಾಕುವುದು, ಜೇಬಿನ ಹೊಲಿಗೆ, ಪಟ್ಟಿ, ಗುಂಡಿಗಳನ್ನು ಬದಲಿಸುವುದು, ಇಡೀ ಹಾಸೇ ಚಿಹ್ನೆಯಾಗಿರುವ ಬಟ್ಟೆಯನ್ನು ಮಾರಾಟದ ಕೆಲಸಕ್ಕೆ ಬಳಸದಿರುವುದು, ಶೀರ್ಷಿಕೆಯಲ್ಲಿಯೂ ಹ್ಯಾಷ್‌ಟ್ಯಾಗಿನಲ್ಲಿಯೂ ಕಂಪನಿಯ ಹೆಸರನ್ನು ಹಾಕದಿರುವುದು, ಇವು ಕತ್ತರಿ ಹಿಡಿಯುವ ಮೊದಲೇ ತಿಳಿದಿರಬೇಕಾದ ಸಂಗತಿಗಳು. ಅದರ ಜೊತೆಗೆ ಪ್ರತಿ ಸಂಘವೂ ತನ್ನದೇ ಹೆಸರನ್ನು ನೋಂದಾಯಿಸಿಕೊಳ್ಳಲಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬಂದರೂ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಚೀಲಗಳು 18ನೇ ವರ್ಗ, ಉಡುಪು 25ನೇ ವರ್ಗ, ಆಭರಣ 14ನೇ ವರ್ಗ. ನೋಂದಣಿಯಾದರೆ 10 ವರ್ಷ ಬಾಳಿಕೆ, ಅನಂತರ ನವೀಕರಣ. ಈ ಶುಲ್ಕವನ್ನು ಸರ್ಕಾರವೇ ಭರಿಸಿದರೆ ಬೊಕ್ಕಸಕ್ಕೆ ದೊಡ್ಡ ಹೊರೆಯೇನೂ ಆಗದು.

ಸರಸ್ ಮೇಳದಂಥ ಪ್ರದರ್ಶನಗಳಲ್ಲಿ ಮಳಿಗೆ ಹಂಚುವ ಅಧಿಕಾರಿಗಳು ಇಂಥ ವಸ್ತುಗಳಿಗೆ ಕಟ್ಟಲು ಒಂದು ಚೀಟಿಯ ಮಾದರಿಯನ್ನು ತಾವೇ ಅಚ್ಚು ಹಾಕಿಸಿ ಕೊಡಬಹುದು. ‘ಬಳಸಿದ ಹಳೆಯ ಬಟ್ಟೆಯಿಂದ ನಮ್ಮ ಸಂಘದಲ್ಲಿ ಹೊಲಿದದ್ದು. ಬಟ್ಟೆಯ ಮೂಲ ತಯಾರಕರಿಗೂ ಈ ವಸ್ತುವಿಗೂ ಸಂಬಂಧವಿಲ್ಲ. ಅವರ ವಾರಂಟಿ ಇದಕ್ಕೆ ಇರುವುದಿಲ್ಲ’ ಎಂಬಷ್ಟು, ಸಂಘದ ಹೆಸರು ಮತ್ತು ಊರಿನೊಂದಿಗೆ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇದ್ದರೆ ಸಾಕು. ಮುಂದಿನ ಮೇಳದ ಹೊತ್ತಿಗಾದರೂ ರಾಜ್ಯ ಸರ್ಕಾರ ಇದನ್ನು ಜಾರಿಗೆ ತರುವುದೇ ಎಂಬ ಬಗ್ಗೆ ಸಂಬಂಧಪಟ್ಟ ಅಧಿಕಾರಿಗಳು ತಮ್ಮ ಪತ್ರಿಕೆಯ ಮೂಲಕವೇ ಉತ್ತರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ವಕೀಲೆ, ಹುಬ್ಬಳ್ಳಿ